ಯಶಿಕಾಳ ಎಡ ಮೊಣಕೈ

ನಾಗಪುರದ ರೈಲ್ವೆ ಕ್ವಾರ್ಟರ್ಸಿನ ಒಂದು ಮನೆಯಲ್ಲಿ ಮಂಗಳವಾರ ಸಂಜೆ ಆರೂವರೆಗೆ ಘನಗಂಭೀರವಾದ ವಿಚಾರಣೆಯೊಂದು ನಡೆಯುತ್ತಿತ್ತು. ಆರೋಪಿಗಳು ಮೂವರು: ಒಂದು ಸ್ಕೂಲ್ ಬ್ಯಾಗು, ಒಂದು ತಲೆದಿಂಬು, ಒಂದು ಮೊಬೈಲು. ಆರೋಪ: ಐದನೇ ಕ್ಲಾಸಿನ ಧನುಶ್ರೀಯ ಬೆನ್ನು ನೋಯಿಸಿದ್ದು.

ಅಪ್ಪ ಗುರುಸಿದ್ದಪ್ಪ ರೈಲ್ವೆ ಪಾರ್ಸೆಲ್ ಆಫೀಸಿನವರು. ಏನನ್ನೇ ಆಗಲಿ, ತೂಗಿ ನೋಡದೆ ಅವರಿಗೆ ಸಮಾಧಾನವಿಲ್ಲ. ಬ್ಯಾಗನ್ನು ತೂಕದ ಕೊಕ್ಕೆಗೆ ನೇತುಹಾಕಿದರು.

"ನಾಕೂವರಿ ಕಿಲೋ! ಇಷ್ಟ್ ಹೊತ್ರ ಹಮಾಲನ ಬೆನ್ನೂ ನೋಯ್ತೈತಿ."

"ಬ್ಯಾಗಿಂದೇನಲ್ಲರಿ," ಎಂದಳು ಅವ್ವ ಭಾನುಮತಿ. "ಮೊಬೈಲ್ ಹಿಡಕೊಂಡು ಕುಡಗೋಲ್ ಹಂಗ ಬಾಗಿ ಕುಂದ್ರತಾಳ."

"ಅವ್ವಾ, ಅರ್ಧಾ ತಾಸಷ್ಟೇ ನೋಡತೀನಿ!"

"ನಿನ್ನ ಅರ್ಧಾ ತಾಸು ನನಗ ಗೊತ್ತೈತಿ ಬಿಡು. ಎರಡು ಕುಕ್ಕರ್ ಇಳಸತೀನಿ, ಆದ್ರೂ ಮುಗಿಯಂಗಿಲ್ಲ."

ಮೊಬೈಲು ಕಪಾಟಿಗೆ ಹೋಯಿತು, ದಿಂಬು ಅಟ್ಟಕ್ಕೆ ಹೋಯಿತು. ಧನುಶ್ರೀ ಗೋಡೆಗೆ ಹಿಮ್ಮಡಿ ತಾಗಿಸಿ ಐದು ನಿಮಿಷ ನೆಟ್ಟಗೆ ನಿಲ್ಲಬೇಕೆಂದು ತೀರ್ಪಾಯಿತು. ಎರಡನೇ ನಿಮಿಷಕ್ಕೆ ಮೂಗು ತುರಿಸಿತು. ಮೂರನೆಯದಕ್ಕೆ ಕಾಲು.

"ಆತೇನಪಾ? ಈಗ? ಈಗರೆ ಆತೇನು?"

ನಾಲ್ಕನೆಯ ಆರೋಪಿಯೊಂದಿತ್ತು. ಅದರ ಹೆಸರು ಅವಳಿಗೆ ಮಾತ್ರ ಗೊತ್ತಿತ್ತು: ಯಶಿಕಾಳ ಎಡ ಮೊಣಕೈ.

ಯಶಿಕಾ ಅವಳ ಬೆಂಚಿನ ಗೆಳತಿ. ಎಡಗೈಯಲ್ಲಿ ಬರೆಯುವವಳು, ಧನುಶ್ರೀಯ ಬಲಕ್ಕೆ ಕೂರುವವಳು. ಇಬ್ಬರೂ ಒಟ್ಟಿಗೆ ಬರೆಯಲು ಹೊರಟರೆ ಮೊಣಕೈಗೆ ಮೊಣಕೈ ಢಿಕ್ಕಿ. ಅದಕ್ಕೇ ಧನುಶ್ರೀ ಈ ವರ್ಷ ಶಾಲೆ ಶುರುವಾದಾಗಿನಿಂದ ಎಡಕ್ಕೆ ವಾಲಿ, ಸೊಂಟ ತಿರುಚಿ ಬರೆಯುತ್ತಿದ್ದಳು.

ಇಬ್ಬರೂ ಜಾಗ ಬದಲಿಸಿಕೊಂಡಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಧನುಶ್ರೀಯದು ಕಿಟಕಿ ಕಡೆಯ ಜಾಗ. ಟೀಚರ್ ಚೀಟಿ ಎತ್ತಿಸಿದಾಗ ಇಡೀ ವರ್ಷಕ್ಕೆಂದು ಅವಳಿಗೆ ಬಂದದ್ದು. ಅಲ್ಲಿಂದ ಮೇಲೆ ಮೆಟ್ರೊ ಕಾಣುತ್ತದೆ, ಕೆಳಗೆ ತರ್ರಿ ಪೋಹೆಯ ಗಾಡಿ ಕಾಣುತ್ತದೆ. ಅವಲಕ್ಕಿಯ ಮೇಲೆ ಆ ಕೆಂಪು ಖಾರದ ತರ್ರಿಯನ್ನು ಎರಡನೇ ಸಲ ಸುರಿಸಿಕೊಂಡು ಕಣ್ಣೊರೆಸಿಕೊಳ್ಳುವವರನ್ನು ಎಣಿಸುವುದೇ ಗಣಿತದ ಪೀರಿಯಡ್ಡಿನಲ್ಲಿ ಅವಳ ಮುಖ್ಯ ಗಣಿತ. ಅದನ್ನು ಬಿಟ್ಟುಕೊಡುವುದೇ? ಇಷ್ಟಕ್ಕೂ ಗೆಳತಿಯ ಮೊಣಕೈಗೆ ಜಾಗ ಬಿಟ್ಟು ತಾನು ನೋವು ತಿನ್ನುತ್ತಿದ್ದೇನೆ, ತಾನು ಬಹಳ ಒಳ್ಳೆಯವಳು ಎಂದೂ ಅವಳಿಗೆ ಅನಿಸಿತ್ತು.

ಶನಿವಾರ ಬಂದರೂ ನೋವು ಹೋಗಲಿಲ್ಲ. ಅಪ್ಪ ಅವಳನ್ನು ಫಿಸಿಯೋಥೆರಪಿಸ್ಟ್ ಶುಭಾ ಆಂಟಿಯ ಕ್ಲಿನಿಕ್ಕಿಗೆ ಕರೆದೊಯ್ದರು. ಶುಭಾ ಬೆಂಗಳೂರಿನವರು. ಕನ್ನಡದವರು ಎಂಬ ಒಂದೇ ಕಾರಣಕ್ಕೆ ಅಪ್ಪನಿಗೆ ಅವರ ಮೇಲೆ ಪೂರ್ತಿ ನಂಬಿಕೆ.

"ಕ್ಲಾಸಲ್ಲಿ ಹೇಗೆ ಕೂತ್ಕೋತೀಯ, ತೋರ್ಸು ಪುಟ್ಟಿ," ಎಂದರು ಶುಭಾ.

ಧನುಶ್ರೀ ಕಂಬದಂತೆ ಕೂತಳು. "ಹಿಂಗ ರೀ ಆಂಟಿ. ಬರೋಬರ್ ಹಿಂಗ."

"ಓಹೋ! ಸರಿ, ಈಗ ಏಳರ ಮಗ್ಗಿ ಬರಿ."

ಇಪ್ಪತ್ತೊಂದಕ್ಕೆ ಬರುವಷ್ಟರಲ್ಲಿ ಕಂಬ ಎಡಕ್ಕೆ ವಾಲಿತ್ತು. ಭುಜ ಒಂದು ಕಡೆ, ಸೊಂಟ ಒಂದು ಕಡೆ. ಮೇಜಿನ ಬಲಭಾಗವೆಲ್ಲ ಖಾಲಿ.

"ನಿನ್ನ ಬಲಗಡೆ ಯಾರಿದ್ದಾರೆ?"

"ಯಾರೂ ಇಲ್ರಿ."

"ಮತ್ತೆ ಯಾರಿಗೆ ಇಷ್ಟೊಂದು ಜಾಗ ಬಿಟ್ಟಿದ್ದೀಯ?"

ಧನುಶ್ರೀ ಪೆನ್ನಿನ ಮುಚ್ಚಳ ಕಚ್ಚಿದಳು. ಅಪ್ಪ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು, ಇದರ ತೂಕ ಎಷ್ಟಿರಬಹುದು ಎಂಬಂತೆ ನೋಡುತ್ತಿದ್ದರು.

"ಹೇಳ್ಬೇಡ, ಪರವಾಗಿಲ್ಲ," ಎಂದರು ಶುಭಾ. "ಎಕ್ಸರ್‌ಸೈಜ್ ಹೇಳ್ಕೊಡ್ತೀನಿ. ಆದ್ರೆ ದಿನಾ ಐದು ಗಂಟೆ ಹೀಗೇ ತಿರುಚ್ಕೊಂಡು ಕೂತ್ರೆ ಏನೂ ಪ್ರಯೋಜನ ಇಲ್ಲ. ಎರಡೂ ಪಾದ ನೆಲದ ಮೇಲೆ, ಎರಡೂ ಭುಜ ಸಮ. ಗೊತ್ತಾಯ್ತಾ?"

ಸೋಮವಾರ ಹಿಂದಿ ಡಿಕ್ಟೇಶನ್. ಧನುಶ್ರೀ ಒಂದು ಉಪಾಯ ಮಾಡಿಕೊಂಡು ಬಂದಿದ್ದಳು: ನೆಟ್ಟಗೂ ಕೂರುವುದು, ಕಿಟಕಿಯನ್ನೂ ಬಿಡದಿರುವುದು. ಪಾದ ನೆಲಕ್ಕೂರಿ, ಭುಜ ಸಮ ಮಾಡಿ, ಇನ್ನೇನು ಮೊಣಕೈ ಬಡಿಯುತ್ತದೆ ಎಂದು ಕಾದಳು.

ಬಡಿಯಲಿಲ್ಲ.

"ಯಶಿಕಾ, ಪಾಂವ್ ಅಂದರ್!" ಎಂದರು ಟೀಚರ್. ನಡುವಿನ ದಾರಿಗೆ ಚಾಚಿದ ಕಾಲನ್ನು ಒಳಗೆ ಎಳೆದುಕೋ ಎಂದು ಅವರು ದಿನಾ ಹೇಳುತ್ತಾರೆ. ಕ್ಲಾಸು ದಿನಾ ನಗುತ್ತದೆ. ಧನುಶ್ರೀಯೂ ನಗುತ್ತಿದ್ದಳು.

ಇವತ್ತು ತಿರುಗಿ ನೋಡಿದಳು. ಯಶಿಕಾ ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂತಿದ್ದಳು. ಬಲಕ್ಕೆ ಪೂರ್ತಿ ವಾಲಿದ್ದಳು. ಬೀಳಬಾರದೆಂದು ಒಂದು ಕಾಲನ್ನು ಹೊರಗೆ ಊರಿದ್ದಳು.

ಧನುಶ್ರೀ ಪರೀಕ್ಷೆಗೆಂದು ತಾನು ದಿನಾ ಕೂರುವಂತೆ ಎಡಕ್ಕೆ ವಾಲಿದಳು. ಇಬ್ಬರ ನಡುವೆ ಮೂರನೆಯವಳೊಬ್ಬಳು ಆರಾಮಾಗಿ ಕೂರುವಷ್ಟು ಜಾಗ ಖಾಲಿ ಬಿದ್ದಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಕೇಳಿದಳು. ಇಬ್ಬರೂ ಆಡಿದ್ದು ಹಿಂದಿ, ಇಲ್ಲಿರುವುದು ಕನ್ನಡ.

"ಯಶೂ, ನಿಂಗೂ ಬೆನ್ನು ನೋಯುತ್ತಾ?"

"ಬೆನ್ನಲ್ಲ ಯಾರ್, ಸೊಂಟ. ಜುಲೈಯಿಂದ. ಅಜ್ಜಿ ದಿನಾ ಎಣ್ಣೆ ತಿಕ್ತಾಳೆ. ಮೂಸಿ ನೋಡು, ಉಪ್ಪಿನಕಾಯಿ ಭರಣಿ ಥರ ಇದೀನಿ."

"ಸರಿದು ಕೂತ್ಕೋ ಅಂತ ನಂಗೆ ಹೇಳ್ಬೇಕು ತಾನೆ?"

"ಹೇಳಿದ್ರೆ ಟೀಚರ್‌ಗೂ ಗೊತ್ತಾಗಿ ಜಾಗ ಬದಲಾಯಿಸಿಬಿಡ್ತಿದ್ರು. ಚೀಟಿಯಲ್ಲಿ ಕಿಟಕಿ ನಿಂಗೆ ಬಂದಿತ್ತಲ್ವಾ?" ಯಶಿಕಾ ಡಬ್ಬಿ ಮುಂದೆ ನೂಕಿದಳು. "ಸಾಬೂದಾಣೆ ವಡಾ ತಿನ್ನು. ತಣ್ಣಗಾಗಿದೆ."

ಧನುಶ್ರೀ ವಡಾ ಹಿಡಿದುಕೊಂಡೇ ಕೂತಳು. ಒಂದು ಸಲ ಎದ್ದಳು. ಮತ್ತೆ ಕೂತಳು. ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು. ಹೊರಗೆ ಮೆಟ್ರೊ ಬಂತು. ಕೊನೆಯ ಬೋಗಿ ಮರೆಯಾಗುವವರೆಗೂ ನೋಡಿದಳು.

"ಏಳು," ಎಂದಳು.

"ಎಲ್ಲಿಗೆ?"

"ಈ ಕಡೆಗೆ. ಜಲ್ದಿ ಏಳೇ, ನನ್ನ ಮನಸ್ಸು ಬದಲಾಗೋದ್ರೊಳಗೆ!"

ಟೀಚರ್ "ಠೀಕ್ ಹೈ" ಎಂದು ಒಪ್ಪಿದರು. ಗಣಿತದ ಪೀರಿಯಡ್ಡಿನಲ್ಲಿ ಧನುಶ್ರೀಗೆ ಕಿಟಕಿಯಲ್ಲಿ ಕಂಡದ್ದು ಯಶಿಕಾಳ ಜಡೆ ಮಾತ್ರ. ಹದಿನೈದು ದಿನಕ್ಕೆ ಇಬ್ಬರ ನೋವೂ ಹೋಯಿತು.