ಫ್ಲೆಕ್ಸಿನಲ್ಲಿಲ್ಲದ ಹೆಸರು

"ನನ್ನ ಹೆಸರ ಎಲ್ಲೈತಿ, ಜಿನೇಶ?"

ಜಮಖಂಡಿಯ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದ ಬಾಗಿಲಿಗೆ ಕಟ್ಟಿದ್ದ ಫ್ಲೆಕ್ಸ್ ಕೆಳಗೆ ಮಂಗಲಾ ನಿಂತಿದ್ದಳು. ಹಾಜರಿ ಕೂಗಿದಾಗ ಬಿಟ್ಟರೆ ಕ್ಲಾಸಿನಲ್ಲಿ ಬಾಯಿ ತೆರೆಯದ ಹುಡುಗಿ. ಇವತ್ತು ಅವಳ ದನಿ ಕಾರಿಡಾರಿನ ತುದಿಗೂ ಕೇಳಿತ್ತು.

ರಾಜ್ಯಮಟ್ಟದ ಪ್ರಾಜೆಕ್ಟ್ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ: ತೇರದಾಳದ ಜಿನೇಶ. ಮಾರ್ಗದರ್ಶನ: ವಿಭಾಗದ ಮುಖ್ಯಸ್ಥ ಶಂಕರೆಪ್ಪ ಸರ್. ಇಬ್ಬರ ನಗುವ ಫೋಟೊ. ಅಷ್ಟೇ.

ಪವರ್‌ಲೂಮಿನ ಸದ್ದು ಕೇಳಿಯೇ ಎಳೆ ಹರಿದದ್ದನ್ನು ಹೇಳುವ ಆ್ಯಪ್ ಅದು. ಹೊಳೆದದ್ದು ಮಂಗಲಾಳಿಗೆ. ಬನಹಟ್ಟಿಯ ಮನೆಯಲ್ಲಿ ಅವ್ವ ಬೋರವ್ವ ಸೀರೆ ನೇಯುವಾಗ, ಪಕ್ಕದಲ್ಲಿ ಮೊಬೈಲ್ ಹಿಡಿದು ಸದ್ದು ರೆಕಾರ್ಡ್ ಮಾಡಿದವಳೂ ಅವಳೇ. ತನ್ನ ಮಾತು ಸೇರಿ ಕೆಟ್ಟ ರೆಕಾರ್ಡಿಂಗ್‌ಗಳನ್ನೆಲ್ಲ ಅಳಿಸಿಬಿಡು ಎಂದು ಜಿನೇಶನಿಗೆ ಹೇಳಿದ್ದಳು. ಕೋಡ್ ಬರೆದದ್ದು ಇಬ್ಬರೂ ಕೂಡಿ.

"ಸರ್ ಬಿಟ್ಟಾರ," ಜಿನೇಶ ತಲೆ ತಗ್ಗಿಸಿದ. "ನಾಳೆ ಲಗ್ನಾ ಆಗಿ ಹೋಗೂ ಹುಡುಗಿ, ಆಕಿ ಹೆಸರ ಯಾಕ ಅಂದ್ರು."

"ನೀ ಏನಂದಿ?"

"ಸಮಾರಂಭ ಮುಗೀಲಿ, ಆಮ್ಯಾಲ ಹೇಳೂಣಂತ..."

"ಶಾಲು ಹೊದಿಸ್ಕೊಂಡ ಮ್ಯಾಲ? ಛಲೋ ಆತು. ಹಾರ ಹಾಕ್ಕೊ, ಪೇಡೆ ತಿನ್ನು. ನಾ ಮುಂದ ಕುಂತು ಚಪ್ಪಾಳಿ ಹೊಡೀತೀನಿ."

ಇವನೊಬ್ಬನ ಜೊತೆ ಮಾತಾಡಬೇಕು ಅನಿಸಿತ್ತಲ್ಲ... ಇವನನ್ನೇ ನಂಬಿದೆನಲ್ಲ...

ಬನಹಟ್ಟಿ ಬಸ್ ಹಿಡಿಯಬೇಕೆಂದುಕೊಂಡವಳನ್ನು ಸಿಟ್ಟೇ ಸಭಾಂಗಣಕ್ಕೆ ಎಳೆದು ತಂದಿತು.

ಹೆಸರು ಕೂಗಿದರು. ವೇದಿಕೆ ಹತ್ತಿದ ಜಿನೇಶ ಶಾಲಿಗೆ ಹೆಗಲು ಕೊಡಲಿಲ್ಲ. ಮೊಬೈಲ್ ಅನ್ನು ಸ್ಪೀಕರಿಗೆ ಜೋಡಿಸಿದ.

ಖಟಖಟ... ಖಟಖಟ... ಸಭಾಂಗಣದ ತುಂಬ ಮಗ್ಗದ ಸದ್ದು. ಅದನ್ನೂ ಮೀರಿ ಒಂದು ದನಿ:

"ಏ ಅವ್ವಾ, ಮಗ್ಗಾ ನಿಲ್ಲಸ ಬೇ. ಎಳಿ ಹರದೈತಿ. ಎಷ್ಟ ಸಲ ಒದರಲಿ ನಿನಗ?"

ಎಲ್ಲರೂ ನಕ್ಕರು. ಮಂಗಲಾಳ ಮುಖ ಕೆಂಪಾಯಿತು.

"ಇದು ಮಂಗಲಾನ ದನಿ ರೀ," ಎಂದ ಜಿನೇಶ. "ಈ ಕೆಲಸ ನನಗಿಂತ ಆಕೀದ ಹೆಚ್ಚು. ಮೊದಲ ಹೇಳಬೇಕಿತ್ತು. ಅಂಜಿದೆ."

"ಆಮ್ಯಾಲ ನೋಡೂಣ, ಇಳಿ ತಮ್ಮಾ," ಶಂಕರೆಪ್ಪ ಸರ್ ಗದರಿದರು.

"ಆಮ್ಯಾಲ ಅಲ್ರಿ ಸರ್. ಈಗ."

ಹಿಂದಿನ ಸಾಲಿನಿಂದ ಮಂಗಲಾ ಎದ್ದಿದ್ದಳು. ಎಲ್ಲ ತಲೆಗಳೂ ತಿರುಗಿದವು. ಅವಳು ನಡೆದು ಬಂದು ವೇದಿಕೆ ಹತ್ತಿದಳು.

"ನನ್ನ ಲಗ್ನದ ಚಿಂತಿ ನಮ್ಮವ್ವ ಮಾಡ್ತಾಳ್ರಿ. ನೀವು ನನ್ನ ಹೆಸರ ಓದ್ರಿ."

ಸರ್ ಅತಿಥಿಗಳ ಮುಖ ನೋಡಿದರು. ಅವರೆಲ್ಲ ಕಾಯುತ್ತಿದ್ದರು. ಕೊನೆಗೆ ಮೈಕ್ ಹಿಡಿದು ಅವಳ ಹೆಸರು ಓದಿದರು, ಫ್ಲೆಕ್ಸ್ ಬಿಚ್ಚಲು ಹೇಳಿದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಜಿನೇಶ ಪಕ್ಕಕ್ಕೆ ಬಂದು ನಿಂತ. ಅವಳು ತಿರುಗಲಿಲ್ಲ.

"ಇನ್ನಾ ಸಿಟ್ಟೈತಿ," ಎಂದಳು.

"ಇರಲಿ."

"ಅದನ್ನ ಅಳಸು ಅಂದಿದ್ನಲ್ಲಾ. ಯಾಕ ಇಟ್ಕೊಂಡಿ?"

"ಆ್ಯಪಿಗೆ ಬ್ಯಾಡಾಗಿತ್ತು... ನನಗ ಬೇಕಾಗಿತ್ತು." ಅವನ ದನಿ ಸಣ್ಣದಾಯಿತು. "ಕ್ಲಾಸಿನಾಗ ನೀ ಮಾತಾಡಂಗಿಲ್ಲ. ಅದರಾಗ ಒದರ್ತಿ. ದಿನಾ ಕೇಳ್ತೀನಿ. ನೀ ಅಂದ್ರ ನನಗ ಜೀವ, ಮಂಗಲಾ."

ಬನಹಟ್ಟಿ ಬಸ್ ಬಂತು. ಹತ್ತಿ ಕಿಟಕಿ ಪಕ್ಕ ಕುಳಿತಳು. ಬಸ್ ಹೊರಡುವಾಗ ಕಿಟಕಿಯಿಂದ ಮುಖ ಹೊರಹಾಕಿದಳು.

"ನಾಳೆ ಮನಿಗೆ ಬಾ."

"ಸಿಟ್ಟು?"

"ಅವ್ವನ ಮುಂದ ಕುಂದ್ರಿಸಿ ಒದರೋದೈತಿ ನಿನಗ," ಎಂದಳು. ತುಟಿಯಂಚಿನ ನಗು ತಡೆಯಲಾಗಲಿಲ್ಲ. "ಅದನ್ನೂ ರೆಕಾರ್ಡ್ ಮಾಡ್ಕೊ."