ಅವಳು ರುಚಿ ನೋಡದ ಸೂಪ್

"ಕೈ ಅಲ್ಲಾಡಿಸಬೇಡಿ."

ನರ್ಸ್ ಅವನ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತುತ್ತಿದ್ದಳು. ಮೂರು ಹೊಲಿಗೆ ಬಿದ್ದ ಗಾಯ.

"ಏನು ತಾಗಿದ್ದು?"

"ಕತ್ತಿ."

"ಅಡುಗೆ ಮಾಡ್ತಿದ್ರಾ?"

"ಇಲ್ಲ. ನಂದು ಮಾಂಸದ ಅಂಗಡಿ."

ಅವಳ ಬೆರಳುಗಳು ಒಂದು ಕ್ಷಣ ನಿಂತವು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ ಅವಳು. ಅವನು ಅದನ್ನು ಗಮನಿಸಿದ. ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದ.

"ಎಲ್ಲಿಗೆ? ಇನ್ನೂ ಮುಗಿದಿಲ್ಲ!" ಎಂದು ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಒಂದು ವರ್ಷದ ನಂತರ ಅದೇ ಕೈ ಹಿಡಿದು ಅವನ ಮನೆಗೆ ಬಂದಳು.

ಮನೆಯಲ್ಲಿ ಅತ್ತೆ, ನಾದಿನಿ, ಅವನು. ಮೂವರಿಗೂ ದಿನವೂ ಮಾಂಸ ಬೇಕು. ಮೊದಲ ದಿನವೇ ಅತ್ತೆ ಒಲೆ ಹಂಚಿದರು.

"ಈ ಕಡೆ ನಿಂದು, ಆ ಕಡೆ ನಂದು. ಚಮಚ ಅದಲುಬದಲಾದ್ರೆ ಬೈಬೇಡ ಕಣೇ, ನನಗೆ ಕಣ್ಣು ಸರಿಯಾಗಿ ಕಾಣಲ್ಲ."

"ಅತ್ತಿಗೆ, ಸೊಪ್ಪಿನ ಅಂಗಡಿಯವನನ್ನ ಬಿಟ್ಟು ನಮ್ಮಣ್ಣನ್ನ ಹೇಗೆ ಒಪ್ಪಿದ್ರಿ?" ಎಂದಳು ನಾದಿನಿ.

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಭಯ ಶುರುವಾದದ್ದು ಎರಡನೇ ತಿಂಗಳಲ್ಲಿ.

ಆ ಸಂಜೆ ಅವನು ಅಂಗಡಿಯಿಂದ ನೇರವಾಗಿ ಅಡುಗೆಮನೆಗೆ ಬಂದು ಹಿಂದಿನಿಂದ ಅವಳ ಕೆನ್ನೆ ಮುಟ್ಟಿದ. ಹಸಿ ಮಾಂಸದ ವಾಸನೆ... ಅವಳು ಸಿಂಕಿನತ್ತ ಓಡಿದಳು. ವಾಂತಿಯಾಯಿತು. ಬಾಯಿ ತೊಳೆದು ತಿರುಗಿದಾಗ ಅವನು ಅಲ್ಲಿರಲಿಲ್ಲ.

ಮರುದಿನದಿಂದ ಅವನು ಅಂಗಡಿಯಲ್ಲೇ ಸ್ನಾನ ಮಾಡಿ ಬರತೊಡಗಿದ. ಆಮೇಲೆ ಊಟವೂ ಅಲ್ಲೇ ಆಯಿತು. ಹಾಸಿಗೆ ಹಾಲ್‌ಗೆ ಬಂತು. ನೀರು ಕೊಡಲು ಹೋದರೆ, ಮೇಜಿನ ಮೇಲಿಡು ಎಂದು ಕಣ್ಣಲ್ಲೇ ಹೇಳುತ್ತಿದ್ದ.

ಕೋಪ ಬಂದಿದ್ದರೆ ಬೈಯಬಹುದಿತ್ತಲ್ಲ... ಈ ಮೌನ ಯಾಕೆ?

ಆಸ್ಪತ್ರೆಯಲ್ಲಿ ಅವಳು ಎಷ್ಟೋ ಕೆಟ್ಟ ಸುದ್ದಿಗಳನ್ನು ಕಂಡಿದ್ದಳು. ಬರುವ ಮುಂಚೆ ಅವೂ ಹೀಗೇ ಸದ್ದಿಲ್ಲದೆ ಇರುತ್ತಿದ್ದವು.

"ಅತ್ತಿಗೆ, ಏನಂದ್ರಿ ಅಣ್ಣನಿಗೆ?" ನಾದಿನಿಯ ದನಿಯಲ್ಲಿ ಈಗ ನಗುವಿರಲಿಲ್ಲ.

ಹೀಗೇ ಮೂರು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ.

"ನಾಳೆ ನಿನ್ನನ್ನ ನಿಮ್ಮಮ್ಮನ ಮನೆಗೆ ಬಿಟ್ಟು ಬರ್ತೀನಿ. ಅಲ್ಲೇ ಇರು."

"ಎಷ್ಟು ದಿನ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಕೆಟ್ಟ ಸುದ್ದಿ ಬಂದೇಬಿಟ್ಟಿತು!

ಅತ್ತೆ ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದರು. ನಾದಿನಿ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನ ಅತ್ತೆ ಕೊರಗಿದರು. "ಒಂದು ಲೋಟ ಮಾಂಸದ ಸೂಪ್ ಕುಡಿದಿದ್ರೆ ಎದ್ದು ಕೂರ್ತಿದ್ದೆ... ಬಿಡು, ಮಗಳು ಬರಲಿ."

ಅವಳು ಫ್ರಿಜ್ ತೆರೆದು ಪೊಟ್ಟಣ ಹೊರತೆಗೆದಳು.

ಆಸ್ಪತ್ರೆಯ ಮಾಸ್ಕ್ ಕಟ್ಟಿಕೊಂಡಳು. ಗ್ಲೌಸ್ ತೊಟ್ಟಳು. ಯೋಚಿಸಿ, ಕಳಚಿಟ್ಟಳು. ಯಾವ ಮನೆಯ ಸೊಸೆ ಗ್ಲೌಸ್ ಹಾಕಿಕೊಂಡು ಅಡುಗೆ ಮಾಡುತ್ತಾಳೆ? ಬರಿಗೈಯಲ್ಲಿ ಮುಟ್ಟಿದಾಗ ಮೈಯೆಲ್ಲ ಜುಮ್ಮೆಂದಿತು. ಕಣ್ಣು ಬೇರೆಡೆಗೆ ತಿರುಗಿಸಿ ತೊಳೆದಳು. ಉಪ್ಪು ಹಾಕಿದಳು. ಹಾಕಿದೆನೋ ಇಲ್ಲವೋ... ಮತ್ತೆ ಹಾಕಿದಳು.

ಕುಕ್ಕರ್ ಮುಚ್ಚಳ ತೆಗೆಯುವ ಹೊತ್ತಿಗೆ ಅವನು ಅಮ್ಮನ ಮಾತ್ರೆ ಹಿಡಿದು ಒಳಗೆ ಬಂದ.

"ಏನಿದು? ಯಾರು ಹೇಳಿದ್ರು ನಿನಗೆ ಇದನ್ನ ಮುಟ್ಟು ಅಂತ?"

ಅವಳು ಚಮಚ ಎತ್ತಿಕೊಂಡಳು.

"ಕಳಿಸಬೇಡಿ ನನ್ನ! ಮಾಡೋದು ಕಲೀತೀನಿ... ತಿನ್ನೋದನ್ನೂ ಕಲೀತೀನಿ. ಈಗಲೇ... ನೋಡಿ!"

ಮಾಸ್ಕ್ ಕೆಳಗೆಳೆದು, ಕಣ್ಣು ಮುಚ್ಚಿ, ಒಂದು ಚಮಚ ಬಾಯಿಯ ಹತ್ತಿರ ತಂದಳು.

ಅವನು ಅವಳ ಮಣಿಕಟ್ಟು ಹಿಡಿದ. ಮೂರು ತಿಂಗಳಲ್ಲಿ ಮೊದಲ ಸಲ!

"ಬೇಡ... ನನ್ನಾಣೆ, ಬೇಡ."

ಅವಳು ಕಣ್ಣು ತೆರೆದಳು. ಅವನ ಕಣ್ಣು ತುಂಬಿತ್ತು. ಹೆದರಿದ್ದು ತಾನೊಬ್ಬಳೇ ಅಲ್ಲ ಎಂದು ಅವಳಿಗೆ ಆಗ ತಿಳಿಯಿತು.

"ಎಷ್ಟು ಉಜ್ಜಿದ್ರೂ ಈ ವಾಸನೆ ಹೋಗಲ್ಲ ಕಣೇ. ನೀನು ದಿನಾ ಸೊರಗ್ತಾ ಇದ್ದೆ. ನನ್ನಿಂದಲೇ ಅಂತ... ನಿಮ್ಮಮ್ಮನ ಮನೇಲಾದ್ರೂ ಸರಿಯಾಗಿ ಉಣ್ತೀಯ ಅಂದ್ಕೊಂಡೆ."

"ನೀವು ಮಾತಾಡಿಸದೇ ಇದ್ದಿದ್ದಕ್ಕೆ ಸೊರಗಿದ್ದು ನಾನು!"

"ಅವತ್ತು ವಾಂತಿ..."

"ಆಯ್ತು. ಸುಳ್ಳು ಹೇಳಲ್ಲ. ಆ ವಾಸನೆ ನಂಗೆ ಯಾವತ್ತೂ ಹಿಡಿಸಲ್ಲ. ಆದ್ರೆ ಬಾಗಿಲ ಹತ್ತಿರ ಅದು ಬಂದ್ರೆ, ನೀವು ಮನೆಗೆ ಬಂದ್ರಿ ಅಂತ. ಮೂರು ತಿಂಗಳಿಂದ ಅದಕ್ಕೇ ಕಾಯ್ತಿದ್ದೀನಿ..."



ಕೋಣೆಯಿಂದ ಅತ್ತೆ ಕೂಗಿದರು. "ಲೋ, ಜ್ವರ ವಾಸಿಯಾದ ಮೇಲೆ ಕೊಡ್ತೀರೇನೋ ಸೂಪು?"

ಇಬ್ಬರಿಗೂ ಅಳುವಿನ ಮಧ್ಯೆ ನಗು ಬಂತು. ಅವಳು ಚಮಚವನ್ನು ಅವನ ಬಾಯಿಗೆ ಹಿಡಿದಳು.

"ಉಪ್ಪು ನೋಡಿ. ನನಗೆ ಗೊತ್ತಾಗಲ್ಲ."

ಅವನು ಕುಡಿದ. ಮುಖ ಕಿವಿಚಿದ.

"ಹೇಗಿದೆ?"

"ಸಮುದ್ರ!"

"ಅಯ್ಯೋ... ಈಗೇನ್ರೀ ಮಾಡೋದು?"

"ನೀರು ಹಾಕೋಣ. ನಾಳೆ ನೀನು ಎಲ್ಲೂ ಹೋಗಲ್ಲ. ಇನ್ನು ಮೇಲೆ ಇದನ್ನ ಮುಟ್ಟೋದೂ ಬೇಡ. ನಾನು ಮಾಡ್ತೀನಿ, ನೀನು ದೂರ ನಿಂತು ಮಾತಾಡು."

"ಎಷ್ಟು ದೂರ?"

ಅವಳ ಮಣಿಕಟ್ಟನ್ನು ಅವನಿನ್ನೂ ಬಿಟ್ಟಿರಲಿಲ್ಲ.

"ಇಷ್ಟು," ಎಂದ.