ಒಳಗೋಡೆಗಳನ್ನು ಪರಿಶೀಲಿಸಲಾಗಿದೆ

"ಐವತ್ತೇಳು ಕಿಲೋ ಇನ್ನೂರು ಗ್ರಾಂ," ಎಂದು ಅಂಗಡಿಯ ಒಳಗಿಂದ ದನಿ ಬಂತು. "ಫೈಲ್ ಸಮೇತ."

ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದ ಇಸವಿಯನ್ನು ಕತ್ತೆತ್ತಿ ಓದುತ್ತಿದ್ದ ಸರ್ವೆಯವಳು ಕಾಲ ಕೆಳಗೆ ನೋಡಿಕೊಂಡಳು. ಹತ್ತಿ ನಿಂತದ್ದು ಮೆಟ್ಟಿಲಲ್ಲ, ಮೂಟೆ ತೂಗುವ ತಕ್ಕಡಿಯ ಹಲಗೆ. ಮುಳ್ಳಿನ ಮುಂದೆ ಕೂತಿದ್ದವನು ನಗುತ್ತಿರಲಿಲ್ಲ. ಆದರೆ ನಗು ತಡೆಯಲು ಅವನು ಪಡುತ್ತಿದ್ದ ಪಾಡು ಕಣ್ಣಂಚಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಫೈಲಿನ ತೂಕ ಎಷ್ಟು ಎಂದು ಅವಳು ಬಿಗುಮಾನದಿಂದ ಕೇಳಿದಳು. ಕೆಳಗಿಟ್ಟರೆ ಹೇಳುತ್ತೇನೆ ಎಂದ. ಅವಳು ಫೈಲ್ ಇಡಲಿಲ್ಲ, ತಾನೇ ಇಳಿದಳು. ಇಳಿಯುವಾಗ ಕಿವಿ ಬಿಸಿಯಾದದ್ದು ಅವಳಿಗೇ ಗೊತ್ತಾಯಿತು.

ಅವಳು ಬಂದದ್ದು ಮನೆಗಳ ವಯಸ್ಸು ಕೇಳಲು. ತೊಂಬತ್ತು ವರ್ಷದ ಹಿಂದೆ ಹಳೇಪೇಟೆಯ ಎಣ್ಣೆ ಗೋದಾಮಿಗೆ ಬೆಂಕಿ ಬಿದ್ದು, ಮೂರು ದಿನ ಉರಿದು, ತಾಮ್ರದವರ ಸಾಲು, ಧಾನ್ಯದ ಮಂಡಿ, ಕಾಗದದ ಅಂಗಡಿಗಳೆಲ್ಲ ಸೇರಿ ಅರ್ಧ ಪೇಟೆ ಬೂದಿಯಾಗಿತ್ತು. ಈಗ ಅಲ್ಲಿ ರಸ್ತೆ ಅಗಲವಾಗಬೇಕಿತ್ತು. ಬೆಂಕಿಗೆ ಮುಂಚಿನ ಕಟ್ಟಡವಾದರೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿ ಉಳಿಯುತ್ತದೆ, ನಂತರದ್ದಾದರೆ ರಸ್ತೆಗೆ ಹೋಗುತ್ತದೆ. ನಿಯಮ ಇಷ್ಟೇ. ಹಾಗಾಗಿ ಆ ಬೀದಿಯವರನ್ನು ಕೇಳಿದರೆ ಬೆಂಕಿ ಒಂದೇ ಒಂದು ಮನೆಯನ್ನೂ ಸುಟ್ಟಿರಲಿಲ್ಲ. ಎಲ್ಲರ ಅಜ್ಜಂದಿರೂ ಬಕೆಟ್ಟು ಹಿಡಿದು ನಿಂತು ತಮ್ಮ ತಮ್ಮ ಮನೆ ಉಳಿಸಿಕೊಂಡವರೇ.

ಸರ್ವೆಯವಳಿಗೆ ಈ ಮಾತುಗಳು ಬೇಕಿರಲಿಲ್ಲ. ತೆಳ್ಳಗಿನ ಇಟ್ಟಿಗೆ, ಗಿಡ್ಡ ಬಾಗಿಲು ಕಂಡರೆ ಮುಂಚಿನದು. ದಪ್ಪ ಇಟ್ಟಿಗೆ, ಅಗಲ ಕಿಟಕಿ ಕಂಡರೆ ನಂತರದ್ದು. ಹನ್ನೆರಡು ವರ್ಷದ ಸರ್ವೀಸಿನಲ್ಲಿ ಅವಳು ಗೋಡೆ ನೋಡದೆ ಸಹಿ ಹಾಕಿದವಳಲ್ಲ. ಅಷ್ಟು ಖಡಕ್ಕು ಎಂದು ಆಫೀಸಿನಲ್ಲಿ ಹೆಸರಿತ್ತು, ಆ ಹೆಸರಿನ ಮೇಲೆ ಅವಳಿಗೆ ಒಳಗೊಳಗೇ ಮೋಹವೂ ಇತ್ತು.

ತಕ್ಕಡಿ ರಿಪೇರಿ ಮಾಡುವ ಆ ಅಂಗಡಿಯದು ಅರ್ಧ ದಿನದ ಕೆಲಸ. ಅವಳು ಹನ್ನೊಂದು ಸಲ ಹೋದಳು.

ಒಂದು ಸಲ ಟೇಪು ಮರೆತಿತ್ತು. ಇನ್ನೊಂದು ಸಲ ಟೇಪು ಇತ್ತು, ಬಾಗಿಲಿನ ಅಗಲ ಬರೆದ ಹಾಳೆ ಕಳೆದಿತ್ತು. ಮಹಡಿಯ ಮೇಲಿದ್ದ ಅವನ ಅಕ್ಕ ನಾಲ್ಕನೇ ಸಲಕ್ಕೇ ಇಣುಕಿ, "ಏನಮ್ಮಾ, ಮನೆ ಅಳೀತಿದೀಯೋ, ನಮ್ಮ ಹುಡುಗನ್ನ ಅಳೀತಿದೀಯೋ?" ಎಂದು ಕೇಳಿಯೇಬಿಟ್ಟಿದ್ದಳು. ಹುಡುಗನಿಗೆ ಆಗಲೇ ಮೂವತ್ತೆಂಟು. ಅವನು ತಲೆ ತಗ್ಗಿಸಿ ಯಾರದೋ ತಕ್ಕಡಿಯ ಸರಪಳಿ ಬಿಚ್ಚುವ ನೆಪದಲ್ಲಿ ಬಿಚ್ಚಿದ್ದನ್ನೇ ಬಿಚ್ಚುತ್ತಿದ್ದ.

ಬಾಗಿಲ ಪಕ್ಕದ ಸ್ಟೂಲು ಅವಳದಾಯಿತು. ಅವನು ಚಿನ್ನ ತೂಗುವ ಸಣ್ಣ ತಕ್ಕಡಿಯ ತಟ್ಟೆಗೆ ಉಸಿರು ತಾಗದಂತೆ ಕೂತು ಮುಳ್ಳು ಸರಿಪಡಿಸುವಾಗ ಅವಳೂ ಉಸಿರು ಬಿಗಿಹಿಡಿಯುತ್ತಿದ್ದಳು. ಮುಳ್ಳು ನಡುವಿಗೆ ಬಂದು ನಿಂತ ಮೇಲೆ ಅವನು ಮೊದಲು ನೋಡುತ್ತಿದ್ದುದು ಅವಳ ಮುಖವನ್ನು. ಅಂಗಡಿಯ ಹಿಂಗೋಡೆಯ ಉದ್ದಕ್ಕೂ, ನೆಲದಿಂದ ಸೂರಿನವರೆಗೆ ಅವನ ಅಜ್ಜ ಮಾಡಿಸಿದ ದೊಡ್ಡ ಬೀರು ಇತ್ತು. ಅದರ ಹಿಂದೆ ಏನಿದೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಅವಳ ಕಣ್ಣು ಅಷ್ಟು ದೂರ ಹೋಗುತ್ತಲೇ ಇರಲಿಲ್ಲ.

ಹತ್ತನೇ ಸಲ ಹೋದ ಸಂಜೆ ಅವನು ಶಟರ್ ಅರ್ಧ ಇಳಿಸಿ, ಮಹಡಿಯ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತ.

"ಒಂದು ಮಾತು ಹೇಳ್ಬೇಕು," ಎಂದ. "ನಿನಗೊಬ್ಬಳಿಗೆ."

ಅದುವರೆಗೆ ನೀವು ಎನ್ನುತ್ತಿದ್ದವನು.

ಬಾಗಿಲ ಮೇಲಿನ ಇಸವಿ ತಮ್ಮದಲ್ಲ ಎಂದು ಅವನು ಹೇಳಿದ. ಅಜ್ಜ ಈ ಮನೆ ಕಟ್ಟಿದ್ದು ಬೆಂಕಿಯ ಮಾರನೇ ವರ್ಷ, ಬರೀ ನೆಲದ ಮೇಲೆ. ಸುಟ್ಟ ಮನೆಯೊಂದರ ಕಲ್ಲನ್ನು ತಂದು ಬಾಗಿಲಿಗೆ ಕೂರಿಸಿದ್ದ. ಮನೆಯಲ್ಲಿ ಹಿರಿಯರೆಲ್ಲ ಹೀಗೇ ಹೇಳಿಕೊಂಡು ಬಂದಿದ್ದಾರೆ, ಹೊರಗೆ ಯಾರಿಗೂ ಗೊತ್ತಿಲ್ಲ. "ಊರಿನವರ ತೂಕ ಎಲ್ಲಾ ಸರಿ ಮಾಡ್ತೀನಿ. ನಿನ್ನ ಹತ್ರ ಮಾತ್ರ ಸುಳ್ಳು ಇಟ್ಕೊಂಡು ಮುಂದಿನ ಮಾತು ಕೇಳೋಕೆ ಮನಸ್ಸು ಬರ್ತಿಲ್ಲ," ಎಂದ.

ಮುಂದಿನ ಮಾತು ಏನೆಂದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಮೇಲಿಂದ ಅಕ್ಕ ಕರೆದಳು, ಅವನು ಎದ್ದು ಹೋದ. ನಾಳೆ ಕೇಳುತ್ತಾನೆ ಬಿಡು ಎಂದುಕೊಂಡು ಅವಳು ಬೀದಿಗಿಳಿದಳು.

ಮರುದಿನ ಆಫೀಸಿನಲ್ಲಿ ಗುಮಾಸ್ತರು ಎಲ್ಲರೆದುರು, ತಕ್ಕಡಿ ಯಾವ ಕಡೆ ವಾಲಿತು ಮೇಡಂ ಎಂದು ಕೇಳಿದರು. ಸುತ್ತಲಿನವರು ನಕ್ಕರು. ಕೆಟ್ಟ ಮನಸ್ಸಿನ ನಗುವೇನಲ್ಲ. ಆದರೆ ಅವಳಿಗೆ ಮೈಯೆಲ್ಲ ಉರಿಯಿತು. ಹನ್ನೆರಡು ವರ್ಷದ ಹೆಸರು, ಒಂದು ಸ್ಟೂಲಿನ ಮೇಲೆ ಕೂತು ಕಳೆದುಕೊಂಡೆನೇ? ಫಾರಂ ಎಳೆದುಕೊಂಡು, ಷರಾ ಕಾಲಂನಲ್ಲಿ ಬರೆದೇಬಿಟ್ಟಳು: ಇಸವಿಯ ಕಲ್ಲು ಬೇರೆಡೆಯದು, ಕಟ್ಟಡ ಬೆಂಕಿಯ ನಂತರದ್ದು, ಮಾಲೀಕರ ಹೇಳಿಕೆ. ಅದರ ಕೆಳಗೆ 'ಒಳಗೋಡೆಗಳನ್ನು ಪರಿಶೀಲಿಸಲಾಗಿದೆ' ಎಂಬ ಸಾಲಿತ್ತು. ಅದಕ್ಕೂ ಟಿಕ್ ಹಾಕಿ ಸಹಿ ಮಾಡಿದಳು. ನಿಜವನ್ನೇ ಬರೆದಿದ್ದೇನೆ, ಅವನಿಗೂ ನಿಜವೇ ಇಷ್ಟ ಎಂದು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಸಂಜೆ ಹನ್ನೊಂದನೆಯ ಸಲ ಹೋದಳು. ಹೇಳಬೇಕೆಂದೇ ಹೋದಳು. ಅವನು ಅವಳನ್ನು ಕಂಡು ಸ್ಟೂಲು ಒರೆಸಿದ. ಅವಳು ತಲೆನೋವು ಎಂದು ಸುಳ್ಳು ಹೇಳಿ, ಅವನು ಕೇಳಬೇಕೆಂದಿದ್ದ ಮಾತಿಗೂ ಜಾಗ ಕೊಡದೆ, ಐದೇ ನಿಮಿಷಕ್ಕೆ ಹೊರಟುಬಂದಳು.

ಪಟ್ಟಿ ಹೊರಬಿತ್ತು. ತಕ್ಕಡಿ ಅಂಗಡಿ ಅದರಲ್ಲಿರಲಿಲ್ಲ. ಷರಾ ಏನೆಂದು ನೋಟಿಸಿನಲ್ಲೇ ಅಚ್ಚಾಗಿತ್ತು. ಅವನು ಬೈದು ಹೋಗಲು ಬರುತ್ತಾನೆ ಎಂದು ಅವಳು ಕಾದಳು; ಬರದಿದ್ದರೆ ಸಾಕು ಎಂದೂ ಕಾದಳು. ಮೂರು ವಾರ ಅವನು ಬರಲಿಲ್ಲ. ಕಟ್ಟಡ ಒಡೆಯಲು ನಾಲ್ಕು ದಿನ ಉಳಿದಾಗ ಬಂದ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಏನನ್ನೋ ಹಿಡಿದು. ಕಿಟಕಿಯಿಂದ ಅವನನ್ನು ಕಂಡ ಅವಳು, ಮೇಡಂ ಫೀಲ್ಡಿಗೆ ಹೋಗಿದ್ದಾರೆ ಎನ್ನಿ ಎಂದು ಗುಮಾಸ್ತರಿಗೆ ಹೇಳಿ, ಹಳೇ ದಾಖಲೆಗಳ ಕೋಣೆ ಹೊಕ್ಕು ಒಳಗಿಂದ ಚಿಲಕ ಹಾಕಿಕೊಂಡಳು. ಧೂಳಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಅವನು ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದು ಎದ್ದು ಹೋದ.

ಒಡೆಯುವ ದಿನ ಹೋಗಬಾರದೆಂದುಕೊಂಡೇ ಹೋದಳು. ಮುಂಭಾಗ ಆಗಲೇ ನೆಲಕ್ಕೆ ಬಿದ್ದಿತ್ತು. ಬೀರು ಇರಲಿಲ್ಲ. ಹಿಂಗೋಡೆ ಮಾತ್ರ ನಿಂತಿತ್ತು, ಕೆಳಗಿಂದ ಮೇಲಿನವರೆಗೆ ಕರ್ರಗೆ. ತೆಳ್ಳಗಿನ ಇಟ್ಟಿಗೆ, ಹಳೇ ಗಾರೆ, ತೊಂಬತ್ತು ವರ್ಷದ ಮಸಿ.

ಸರ್ವೆಯವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅಜ್ಜ ಕಟ್ಟಿದ್ದು ಬರೀ ನೆಲದ ಮೇಲಲ್ಲ. ಸುಟ್ಟು ನಿಂತಿದ್ದ ಮನೆಯನ್ನೇ ಕೊಂಡು, ಹಿಂಗೋಡೆ ಉಳಿಸಿಕೊಂಡು, ಮಸಿ ಕಾಣದಿರಲೆಂದು ಅದಕ್ಕೆ ಬೀರು ಹೊದಿಸಿದ್ದ. ಬಾಗಿಲ ಮೇಲಿನ ಕಲ್ಲು ಎಲ್ಲಿಂದಲೋ ತಂದದ್ದಲ್ಲ, ಆ ಮನೆಯದೇ ಕಲ್ಲು, ಆ ಮನೆಯದೇ ಇಸವಿ. ಹನ್ನೊಂದು ಸಲದಲ್ಲಿ ಒಂದು ಸಲ ಬೀರು ಸರಿಸಿ ನೋಡಿದ್ದರೆ ಸಾಕಿತ್ತು.

ಎದುರು ಬದಿಯಲ್ಲಿ ಸಾಮಾನು ತುಂಬಿದ ವ್ಯಾನ್ ನಿಂತಿತ್ತು. ಅಕ್ಕ ಆಗಲೇ ಮುಂದಿನ ಸೀಟಿನಲ್ಲಿದ್ದಳು. ಅವನು ಹಗ್ಗ ಬಿಗಿಯುತ್ತಿದ್ದವನು ಇವಳನ್ನು ಕಂಡು ಹತ್ತಿರ ಬಂದ. ಕೂದಲೆಲ್ಲ ಸುಣ್ಣದ ಪುಡಿ.

"ಅವತ್ತು ಪೇಪರಲ್ಲಿ ಸುತ್ತಿ ತಂದಿದ್ದು ಈ ಗೋಡೆಯದೇ ಒಂದು ಇಟ್ಟಿಗೆ," ಎಂದ. "ಬೀರು ಖಾಲಿ ಮಾಡಿ ಸರಿಸಿದಾಗ ಹಿಂದೆ ಸಿಕ್ತು. ನೀನೇ ಬಂದು ನೋಡಿ ತಿದ್ದಿದ್ರೆ ಆಗ್ತಿತ್ತು. ನಾನು ಅರ್ಜಿ ಹಾಕಿದ್ರೆ ಮೊದಲು ನಿನ್ನ ಸಹೀನೇ ಹಿಡೀತಿದ್ರು."

"ನಾನು ಒಳಗೇ ಇದ್ದೆ," ಎಂದಳು ಅವಳು.

"ಗೊತ್ತು. ನೀನು ಕೆಮ್ಮಿದ್ದು ಕೇಳಿಸ್ತು."

"ಮತ್ತೆ ಬಾಗಿಲು ಯಾಕೆ ತಟ್ಟಲಿಲ್ಲ?"

ಅವನು ಅಂಗೈಯ ಧೂಳು ಉಜ್ಜಿಕೊಂಡ. "ಇಟ್ಟಿಗೆ ತಂದಿದೀನಿ ಅಂದಿದ್ರೆ ನೀನು ತೆಗೀತಿದ್ದೆ. ಬರೀ ನಾನು ಬಂದಿದೀನಿ ಅಂತ ತೆಗೀತೀಯೇನೋ ಅಂತ ಕೂತಿದ್ದೆ. ಅಕ್ಕ ನನ್ನ ಹುಚ್ಚ ಅಂತ ಬೈದಳು. ಹುಚ್ಚೇ ಇರಬೇಕು."

ಕ್ಷಮಿಸು ಎನ್ನುವುದು ಅವಳಿಗೆ ತೀರ ಸಣ್ಣ ಮಾತಾಗಿ ಕಂಡಿತು. ಅದರ ಬದಲು ನಿಜವಾದದ್ದನ್ನೇ ಹೇಳಿದಳು. "ನಂಗೆ ನೀನು ಬೇಕಾಗಿತ್ತು."

"ಆಗಿತ್ತು?" ಎಂದ ಅವನು.

ಅದು ಚುಚ್ಚುಮಾತು ಎಂದುಕೊಂಡಳು ಅವಳು. ಚುಚ್ಚುವ ಹಕ್ಕು ಅವನಿಗಿದೆ ಎಂದುಕೊಂಡು ತಲೆ ತಗ್ಗಿಸಿದಳು. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ, ಬೇರೆ ಊರಿನಲ್ಲಿ ಅಂಗಡಿ ಸಿಕ್ಕಿದೆ, ಸಂಜೆಯೊಳಗೆ ತಲುಪಬೇಕು ಎಂದು ಹೇಳಿ ವ್ಯಾನ್ ಕಡೆ ನಡೆದ. ಅಕ್ಕ ಇವಳತ್ತ ಒಮ್ಮೆ ನೋಡಿ, ಡ್ರೈವರ್ ಪಕ್ಕಕ್ಕೆ ಒತ್ತಿ ಸರಿದು ಕೂತಳು. ಮುಖ ನೋಡಲೂ ಇಷ್ಟವಿಲ್ಲದೆ ಸರಿದಳು ಎಂದು ಇವಳಿಗೆ ಅನ್ನಿಸಿತು. ಅವನು ಅಕ್ಕನ ಪಕ್ಕ ಕೂತ. ಬಾಗಿಲು ಹಾಕಲಿಲ್ಲ. ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ ಮೇಲೆ ಹಾಕಿದ.

ವ್ಯಾನ್ ಹೊರಟಿತು. ಇಟ್ಟಿಗೆ ಆರಿಸುತ್ತಿದ್ದ ಕೂಲಿ ಹೆಂಗಸು ಸೊಂಟ ನೆಟ್ಟಗೆ ಮಾಡಿಕೊಂಡು, ಇವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನೀವು ಹೋಗ್ಲಿಲ್ವಾ ಮೇಡಂ? ಪಾಪ, ನಿಮಗೆ ಅಂತ ಅಷ್ಟು ಜಾಗ ಬಿಟ್ಕೊಂಡು ಕಾಯ್ತಿದ್ರಲ್ಲ."

ಸರ್ವೆಯವಳು ಬೀದಿಯ ಕೊನೆಯವರೆಗೆ ಓಡಿದಳು. ಒಡೆದ ಮನೆಗಳಿಂದ ಆ ಬೀದಿ ಆಗಲೇ ಅಗಲವಾಗಿತ್ತು, ತುಂಬ ದೂರದವರೆಗೆ ಕಾಣುತ್ತಿತ್ತು. ವ್ಯಾನ್ ಎಲ್ಲೂ ಕಾಣಲಿಲ್ಲ. "ಬೇಕು," ಎಂದು ಅವಳು ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದಳು, ಮತ್ತು ಪಕ್ಕದಲ್ಲಿ ಹೋಗುತ್ತಿದ್ದ ಯಾರೋ, ಏನು ಬೇಕಿತ್ತು ಎಂದು ಕೇಳಿದರು.